ಹನ್ನೊಂದು ವಾರದ ‘ಥರೋಲಿ’

ಲಿಫ್ಟಿನ ಪಕ್ಕದ ರೂಮಿನಿಂದ
ಹದಿನಾಲ್ಕನೇ ತಾರೀಖು, ಸಂಜೆ ನಾಲ್ಕು ಗಂಟೆ

ಪ್ರೀತಿಯ ಮಗಳೇ,

ಹಾಗಲ್ಲ ಅದು, ಬಾಲದಲ್ಲಿ ‘ಲಿ’ ಇದ್ದ ಮಾತ್ರಕ್ಕೆ ಎಲ್ಲವೂ ಅಡ್ವರ್ಬ್ ಆಗಿಬಿಡುವುದಿಲ್ಲ. ನಿನ್ನೆ ಫೋನಿನಲ್ಲಿ ಅದನ್ನೇ ಹೇಳಲು ಹೊರಟಿದ್ದೆ, ಅಷ್ಟರಲ್ಲಿ ನಿಮ್ಮ ಹಾಸ್ಟೆಲಿನ ಗಂಟೆ ಹೊಡೆಯಿತು, ‘ಇಂಗ್ಲಿಷ್ ಪರೀಕ್ಷೆಗೆ ಬೇಕು, ಬರೆದು ಕಳಿಸಪ್ಪಾ’ ಎಂದು ನೀನು ಫೋನ್ ಇಟ್ಟೇಬಿಟ್ಟೆ. ಮೊದಲು ನಿನ್ನ ಕೆಮ್ಮು ಹೇಗಿದೆ ಹೇಳು. ನರ್ಸಿಂಗ್ ಓದುವವಳಿಗೆ ನಾನು ಬಿಸಿನೀರು ಕುಡಿ ಎನ್ನುವುದು ಮೀನಿಗೆ ಈಜು ಕಲಿಸಿದ ಹಾಗೆ, ಆದರೂ ಕುಡಿ. ನನ್ನ ಮಂಡಿಯ ವಿಷಯ ಆಮೇಲೆ ಹೇಳುತ್ತೇನೆ.

ಕೆಲಸ ಹೇಗೆ ನಡೆಯಿತು, ಯಾವಾಗ, ಎಲ್ಲಿ, ಎಷ್ಟರ ಮಟ್ಟಿಗೆ ಎಂದು ಹೇಳುವುದು ಅಡ್ವರ್ಬು. ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು, ‘ಕ್ರಿಯಾಪದವನ್ನು ಹಿಡಿದು ನಿಲ್ಲಿಸಿ ಪ್ರಶ್ನೆ ಕೇಳ್ರೋ, ಉತ್ತರ ಹೇಳುವವನೇ ಅಡ್ವರ್ಬ್’ ಎನ್ನುತ್ತಿದ್ದರು. ಲಿಫ್ಟು ಸ್ಲೋಲಿ ಇಳಿಯಿತು. ಹೇಗೆ ಇಳಿಯಿತು? ಸ್ಲೋಲಿ. ನಿನ್ನೆ ಇಳಿಯಿತು, ಕೆಳಗೆ ಇಳಿಯಿತು, ಇವೂ ಅಡ್ವರ್ಬೇ, ಬಾಲವಿಲ್ಲದವು. ‘ಫ್ರೆಂಡ್ಲಿ’ಗೆ ಬಾಲವಿದೆ, ಜಾತಿ ಮಾತ್ರ ಬೇರೆ, ಅದು ಗುಣವಾಚಕ. ‘ಹಾರ್ಡ್’ ಎಂದರೆ ಮೈಮುರಿದು, ‘ಹಾರ್ಡ್ಲಿ’ ಎಂದರೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ‘ವೆರಿ’ಯಂಥವು ಇನ್ನೊಂದು ಅಡ್ವರ್ಬಿನ ಹೆಗಲ ಮೇಲೇ ಕೂರುತ್ತವೆ: ವೆರಿ ಸ್ಲೋಲಿ. ‘ಆಲ್ವೇಸ್’, ‘ನೆವರ್’ ವಾಕ್ಯದಲ್ಲಿ ಎಲ್ಲಿ ಕೂರಬೇಕೆಂದು ಒಂದು ನಿಯಮವಿತ್ತು, ಮರೆತೆ, ಪುಸ್ತಕ ನೋಡು. ನಿಮ್ಮಮ್ಮ ಇದ್ದಿದ್ದರೆ ‘ಅರ್ಧ ಇಂಗ್ಲಿಷು, ಒಂದೂವರೆ ಜಂಬ’ ಎಂದು ನಗುತ್ತಿದ್ದಳು.

ಆ ಜಂಬದ ಮಾತೇ ಈಗ ಹೇಳಬೇಕಾಗಿರುವುದು, ಪುಟ್ಟೀ. ಲಿಫ್ಟಿನ ಬ್ರೇಕನ್ನು ವಾರಕ್ಕೊಮ್ಮೆ ನೋಡಿ, ಈ ರೂಮಿನ ಗೋಡೆಗೆ ತೂಗುಹಾಕಿರುವ ಕಾರ್ಡಿನಲ್ಲಿ ಬರೆಯಬೇಕಲ್ಲ. ಪಕ್ಕದ ಕಟ್ಟಡದ ಮೆಕ್ಯಾನಿಕ್ ಬರೀ ‘ಓಕೆ’ ಎಂದು ಗೀಚುತ್ತಾನೆ. ನಾನು ದುಂಡಗೆ ‘ಬ್ರೇಕ್ ಥರೋಲಿ ಚೆಕ್ಡ್’ ಎಂದು ಬರೆಯುತ್ತೇನೆ. ಥರೋಲಿ ಎಂದರೆ ಕೂಲಂಕಷವಾಗಿ, ಒಂದು ತಿರುಪೂ ಬಿಡದೆ. ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿಗಳು ಬಂದವರಿಗೆಲ್ಲ ತೋರಿಸಿ, ‘ನೋಡಿ, ನಮ್ಮ ಲಿಫ್ಟಪ್ಪನ ಇಂಗ್ಲಿಷು!’ ಎನ್ನುತ್ತಿದ್ದರು. ಬ್ರೇಕು ಇರುವುದು ಮೇಲೆ, ಮಷೀನ್ ರೂಮಿನಲ್ಲಿ. ಏಳನೇ ಮಹಡಿಯಿಂದ ಕಬ್ಬಿಣದ ನೆಟ್ಟಗಿನ ಏಣಿ. ಹನ್ನೊಂದು ವಾರದ ಹಿಂದೆ ಅದರ ನಡುವೆ ನನ್ನ ಮಂಡಿ ಹಿಡಿದುಕೊಂಡು, ಹತ್ತಲೂ ಆಗದೆ ಇಳಿಯಲೂ ಆಗದೆ ಕಾಲು ಗಂಟೆ ನೇತಾಡಿದೆ. ಆಮೇಲೆ ಹತ್ತಿಲ್ಲ. ಸ್ಟೂಲಿನ ಮೇಲೆ ಕೂತು, ಗೋಡೆಗೆ ಕಿವಿಯಿಟ್ಟು ಸದ್ದು ಕೇಳುತ್ತೇನೆ, ‘ಥರೋಲಿ’ ಎಂದು ಬರೆಯುತ್ತೇನೆ. ಮೂವತ್ತು ವರ್ಷ ಪಳಗಿದ ಕಿವಿ, ಇದಕ್ಕಿಂತ ಇನ್ನೇನು ಬೇಕು ಎಂದುಕೊಂಡಿದ್ದೆ.

ನಿನ್ನೆ ಬೆಳಿಗ್ಗೆ ಲಿಫ್ಟು ಮೂರನೇ ಮಹಡಿಯಲ್ಲಿ ನಾಲ್ಕು ಬೆರಳು ಕೆಳಗೆ ಹೋಗಿ ನಿಂತಿತು. ಆ ಮಹಡಿಯ ಟೈಲರಮ್ಮ ಹೊರಗೆ ಕಾಲಿಡುತ್ತ ಎಡವಿ ಬಿದ್ದರು. ಬಿದ್ದವರೇ ಎದ್ದು, ‘ಏನ್ ಲಿಫ್ಟಪ್ಪಾ, ಇದಕ್ಕೂ ನಿಮ್ಮ ಹಾಗೇ ಮಂಡಿ ನೋವಾ?’ ಎಂದರು. ನಾನೂ ನಕ್ಕೆ. ಇವತ್ತು ಮತ್ತೆ ಎರಡು ಸಲ ಹಾಗೇ ಆಯಿತು, ಎರಡನೆಯ ಸಲ ಒಂದು ಗೇಣು. ಕಂಪನಿಯಿಂದ ಯಾರನ್ನಾದರೂ ಕರೆಸೋಣವೇ ಎಂದು ಕಾರ್ಯದರ್ಶಿಗಳನ್ನು ಮೆಲ್ಲಗೆ ಕೇಳಿದೆ. ‘ಮೊನ್ನೆ ತಾನೇ ಥರೋಲಿ ಅಂತ ನೀವೇ ಬರೆದಿದ್ದೀರಲ್ಲ, ಸುಮ್ಮನೆ ಜನರನ್ನ ಹೆದರಿಸಬೇಡಿ’ ಎಂದರು. ನಿಜ ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಯಾರದೋ ಜೀವ ಹೋಗುತ್ತದೆ. ಇದನ್ನು ಬರೆಯುತ್ತಿರುವಾಗಲೂ ಲಿಫ್ಟು ಹತ್ತಿ ಇಳಿದಾಗೆಲ್ಲ ಈ ಗೋಡೆ ಗುಂಯ್ ಎನ್ನುತ್ತದೆ, ಅದು ಎಲ್ಲೋ ಒಂದು ಕಡೆ ನಿಲ್ಲುವವರೆಗೆ ನನ್ನ ಪೆನ್ನೂ ನಿಲ್ಲುತ್ತದೆ. ಆರೂವರೆಗೆ ಆಫೀಸಿಗೆ ಹೋದವರೆಲ್ಲ ಮನೆಗೆ ಮರಳುತ್ತಾರೆ, ಎಂಟು ಜನ ಒತ್ತಿಕೊಂಡು ಹತ್ತುತ್ತಾರೆ.

ಅಯ್ಯೋ, ಕಿಟಕಿಯ ಬೆಳಕು ಇಳಿಯುತ್ತಿದೆ. ಮೇಲಿನ ಬಲ್ಬು ಉರಿಯುತ್ತದೋ ಸುಟ್ಟಿದೆಯೋ, ಅದೂ ನನಗೆ ಗೊತ್ತಿಲ್ಲ. ಕತ್ತಲಾಗುವ ಮೊದಲು ಹತ್ತಬೇಕು. ಹೊತ್ತಿಗೆ ಸರಿಯಾಗಿ ಊಟ ಮಾಡು, ನಿನ್ನ ರೂಮಿನ ಗೆಳತಿಗೆ ನನ್ನ ನೆನಪು ಹೇಳು. ನೀನು ಕೈ ಹಿಡಿದ ರೋಗಿಗಳೆಲ್ಲ ಎದ್ದು ಓಡಾಡಲಿ.

ನಿನ್ನ
ಅಪ್ಪ

ತಾ.ಕ.: ಏಣಿಯ ಒಂದೊಂದೇ ಮೆಟ್ಟಿಲು ಹತ್ತಿ, ನೋಡಿ, ಇಳಿದು ಬಂದೆ. ಬ್ರೇಕಿನ ಪಟ್ಟಿ ಸವೆದು ಕಬ್ಬಿಣ ಕಾಣುತ್ತಿದೆ. ಮೇನ್ ಸ್ವಿಚ್ ಇಳಿಸಿ ಬೀಗ ಹಾಕಿದ್ದೇನೆ. ಕಾರ್ಡಿನ ಹನ್ನೊಂದು ಸಾಲನ್ನೂ ಹೊಡೆದು ‘ನೋಡಿಲ್ಲ’ ಎಂದು ಬರೆದು ಸಹಿ ಮಾಡಿದೆ. ಹೊರಗೆ ಎಲ್ಲರೂ ಸೇರಿದ್ದಾರೆ, ಕಾರ್ಯದರ್ಶಿಗಳು ಬಾಗಿಲು ಬಡಿಯುತ್ತಿದ್ದಾರೆ. ಈ ರೂಮು ಕೆಲಸದ ಜೊತೆಗೆ ಕೊಟ್ಟದ್ದು, ಜೊತೆಗೇ ಹೋಗುತ್ತದೆ. ರಜೆಗೆ ಎಲ್ಲಿಗೆ ಬರಬೇಕೆಂದು ಆಮೇಲೆ ತಿಳಿಸುತ್ತೇನೆ, ಅಲ್ಲಿಯವರೆಗೆ ಟಿಕೆಟ್ ತೆಗೆಯಬೇಡ.