ಎರಡನೇ ಟ್ಯೂಬ್

ಮಾರ್ಚ್ ೪, ಸಂಜೆ

ನನ್ನ ಹತ್ತಿರ ಡ್ರೈವಿಂಗ್ ಕಲಿಯುವ ಬ್ಯಾಂಕಿನ ಹುಡುಗಿ ಇವತ್ತೂ ಕ್ಲಚ್ ಬಿಟ್ಟು ಗಾಡಿ ಆಫ್ ಮಾಡಿದಳು. ಡ್ರೈವಿಂಗ್ ಸ್ಕೂಲಿನ ಕಾರಲ್ಲಿ ದಿನವಿಡೀ ಕೂತರೆ ನನಗೆ ಕೆಳಗೆ ಉರಿ. ಮುಟ್ಟು ನಿಂತ ಮೇಲೆ ಶುರುವಾದದ್ದು. ಗಂಡ ಹತ್ತಿರ ಬಂದರೆ ಉಪ್ಪುಕಾಗದ ಉಜ್ಜಿದ ಹಾಗೆ. ಒಮ್ಮೆ ಅತ್ತುಬಿಟ್ಟೆ. ಅಂದಿನಿಂದ ಇವರು ಹಾಲ್‌ನ ಸೋಫಾದ ಮೇಲೆ. ನನ್ನನ್ನು ನೋಯಿಸಬಾರದಂತೆ. ನನ್ನನ್ನು ಕೇಳಿದರಾ?

ಮಾರ್ಚ್ ೯

ಮೊದಲ ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. "ಈ ವಯಸ್ಸಲ್ಲಿ ಇನ್ನೂ ಅದೆಲ್ಲ ಬೇಕಾ ಅಮ್ಮ?"

"ಬೇಕು" ಅಂದೆ. ಎದ್ದು ಬಂದೆ. ಮೈಯೆಲ್ಲ ಉರಿದುಹೋಯಿತು.

ಸಂಜೆ ಇನ್ನೊಬ್ಬ ಲೇಡಿ ಡಾಕ್ಟರು. ಪರೀಕ್ಷೆ ಮಾಡಿದರು. ಈಸ್ಟ್ರೋಜನ್ ಕಡಿಮೆಯಾಗಿ ಚರ್ಮ ಒಣಗಿ ತೆಳುವಾಗಿದೆಯಂತೆ. ಯೋನಿಯೊಳಗೆ ಹಾಕುವ ಕ್ರೀಮ್ ಬರೆದುಕೊಟ್ಟರು. ಮೊದಲು ದಿನಾ, ಆಮೇಲೆ ವಾರಕ್ಕೆರಡು ಸಲ. "ಗುಣ ಕಾಣೋಕೆ ಕೆಲವು ವಾರ ಬೇಕು."

ಮಾರ್ಚ್ ೧೫

ಕ್ರೀಮಿನ ಟ್ಯೂಬ್ ಇಲ್ಲ. ಇವರು ಕಸಕ್ಕೆ ಎಸೆದಿದ್ದಾರೆ! ಫ್ಯಾಕ್ಟರಿಯ ಸೇಫ್ಟಿ ಆಫೀಸರ್. ಬೆಂಕಿಪೊಟ್ಟಣದ ಮೇಲಿನ ಬರಹವನ್ನೂ ಬಿಡದೆ ಓದುವ ಆಸಾಮಿ. ಡಬ್ಬಿಯೊಳಗಿನ ಚೀಟಿ ಓದಿದ್ದಾರೆ — ಕ್ಯಾನ್ಸರ್, ಪಾರ್ಶ್ವವಾಯು...

"ನನಗೋಸ್ಕರ ನೀನು ಜೀವಕ್ಕೆ ಕುತ್ತು ತಂದ್ಕೋಬೇಡ ಕಣೇ."

"ನಿಮಗೋಸ್ಕರ ಅಂತ ಯಾರ್ರೀ ಹೇಳಿದ್ದು? ನನಗೋಸ್ಕರ!"

ಮುಖ ಸಣ್ಣದಾಯಿತು. ಆಗಲಿ.

ಮಾರ್ಚ್ ೧೬

ಲೇಡಿ ಡಾಕ್ಟರ ಹತ್ತಿರ ಇವರನ್ನೂ ಎಳೆದುಕೊಂಡು ಹೋದೆ. ಚೀಟಿಯ ಎಚ್ಚರಿಕೆಗಳಿಗೆಲ್ಲ ಹಳದಿ ಬಳಿದು ತಂದಿದ್ದರು, ಮಹಾನುಭಾವರು. ಡಾಕ್ಟರು ನಗಲಿಲ್ಲ, ಪುಣ್ಯ. "ಅದು ಮುಖ್ಯವಾಗಿ ಮಾತ್ರೆಗಳ ವಿಷಯ. ಇದರಲ್ಲಿ ಡೋಸ್ ಕಮ್ಮಿ, ರಕ್ತಕ್ಕೆ ಸೇರೋದು ತೀರಾ ಸ್ವಲ್ಪ. ಇವರಿಗೆ ಮುಂಚೆ ಕ್ಯಾನ್ಸರ್ ಇರಲಿಲ್ಲ. ರಕ್ತ ಕಂಡ್ರೆ ಮಾತ್ರ ತಕ್ಷಣ ಬನ್ನಿ."

ಮೆಡಿಕಲ್ ಅಂಗಡಿಯವನು ಹೊಸ ಟ್ಯೂಬನ್ನು ಪೇಪರಿನಲ್ಲಿ ಸುತ್ತತೊಡಗಿದ. "ಸುತ್ತಬೇಡಪ್ಪ, ಕದ್ದ ಮಾಲಲ್ಲ" ಅಂದೆ. ಇವರು ಕೆಮ್ಮಿದರು.

ಏಪ್ರಿಲ್ ೨೮

ಉರಿ ಇಲ್ಲ. ಇವರು ಇನ್ನೂ ಹಾಲ್‌ನಲ್ಲೇ. ಬೆನ್ನಿಗೆ ಸೋಫಾ ಒಳ್ಳೆಯದಂತೆ! ಭಯ ಅಂತ ಹೇಳಲು ಬಾಯಿ ಬರುವುದಿಲ್ಲ. ನನಗೆ ಸಿಟ್ಟು. ಅದಕ್ಕಿಂತ ಹೆಚ್ಚು, ಇವರು ಬೇಕು.

ಮೇ ೩, ಭಾನುವಾರ ಮಧ್ಯಾಹ್ನ

ಸೋಫಾದ ಮುಂದೆ ನಿಂತು ನೇರ ಕೇಳಿದೆ. "ಒಳಗೆ ಬರ್ತೀರಾ?"

"ನೋವಾದ್ರೆ?"

"ನಿಲ್ಲಿ ಅಂತೀನಿ. ನಿಲ್ಲೋದು."

"ಈಗ್ಲಾ? ನಡುಹಗಲು... ಪಕ್ಕದ ಮನೆಯವರು..."

"ಅವರನ್ನ ಕರೀತಿಲ್ವಲ್ಲ."

ನಕ್ಕರು. ಎಷ್ಟು ತಿಂಗಳಾಗಿತ್ತು ಆ ನಗು ಕೇಳಿ! ಈಗ ಪರದೆ ಎಳೆಯುತ್ತಿದ್ದಾರೆ. "ಅದೇನೇ ಬರೀತಾ ಕೂತಿದ್ದೀಯ?" ಅನ್ನುತ್ತಿದ್ದಾರೆ. ಆ ಕನ್ನಡಕದ ಡಾಕ್ಟರಿಗೆ ಒಂದು ಮಾತು ಬರೆಯಬೇಕಿತ್ತು, ಈ ವಯಸ್ಸಲ್ಲಿ —