ಕಿವಿಗೆ ಚುಚ್ಚದ ಹಾಡು

ಜೋಗುಪಾಳ್ಯ,
ಭಾನುವಾರ

ಪುಟ್ಟಿ ಗಗನಾ,

ನಿನ್ನ ಹಾಡು ಕಿವಿಗೆ ಚುಚ್ಚುತ್ತೆ ಅಂತ ಜನ ಬರೆದಿದ್ದನ್ನ ನಾನೂ ಓದಿದೆ. ತಪ್ಪು ನಿನ್ನ ಗಂಟಲಿನದ್ದಲ್ಲ, ನನ್ನದು. ಕಂಪ್ಯೂಟರಲ್ಲಿ ನಿನ್ನ ಹಾಡಿನ ಮಿಕ್ಸಿಂಗ್ ಮಾಡುವಾಗ ಕರ್ಕಶ ತಗ್ಗಿಸೋ ಪ್ಲಗಿನ್ ಹಾಕಿ ನೋಡಿದೆ, ತೆಗೆದು ನೋಡಿದೆ. ನನಗೆ ಎರಡೂ ಒಂದೇ ಥರ ಕೇಳಿಸ್ತು. ನನ್ನ ಮಗಳ ದನಿಗೆ ಇದೆಲ್ಲ ಯಾಕೆ ಅಂತ ತೆಗೆದೇಬಿಟ್ಟೆ.

ಮೊನ್ನೆ ಹಲಸೂರಲ್ಲಿ ಡಾಕ್ಟರು ಕಿವಿ ಪರೀಕ್ಷೆ ಮಾಡಿದ್ರು. ಚೂಪಾದ ಸದ್ದುಗಳು ನನಗೆ ಇನ್ನು ಕೇಳೋದಿಲ್ವಂತೆ.

ಫೈಲೆಲ್ಲ ಇಂದಿರಾನಗರದ ಸ್ಟುಡಿಯೋದಲ್ಲಿ ಭಾರ್ಗವ್‌ಗೆ ಕೊಟ್ಟಿದ್ದೀನಿ. ಕಿವಿಗೆ ಚುಚ್ಚೋ ‘ಸ’, ‘ಶ’ ಬರೋ ಕಡೆ ಮಾತ್ರ ಪ್ಲಗಿನ್ ಹಾಕಲಿ, ಜಾಸ್ತಿಯಾದ್ರೆ ನಿನ್ನ ದನಿ ಮಂಕಾಗುತ್ತೆ. ಅವನ ಪಕ್ಕ ಕೂತು ನೀನೇ ಓಕೆ ಮಾಡು.

ಕೋಪ ಇಳಿದ ಮೇಲೆ ಮನೆಗೆ ಬಾ. ಬೆಲ್ ಒತ್ತಬೇಡ, ಬಾಗಿಲು ಬಡಿ.

ಅಪ್ಪ