ಹನ್ನೊಂದು ಗಿಡದ ಏರು

ಡಿಸೆಂಬರ್ 12, ಗುರುವಾರ. ಬಾಳೂರು

ಆ ಸೊನ್ನೆ ಇನ್ನೂ ಕಣ್ಣಿಗೆ ಚುಚ್ಚುತ್ತಿದೆ.

ಮೂಡಿಗೆರೆಯ ಕ್ಯಾಂಪಿನಲ್ಲಿ ಇವತ್ತು ಜೂನ್‌ನಲ್ಲಿ ಸೇರಿಸಿದ ಮಗಳು ಗಗನಾಳಿಗೆ ಆರು ತಿಂಗಳ ನಂತರದ ತಪಾಸಣೆ. ಹುಟ್ಟುವಾಗಲೇ ಬೆನ್ನುಹುರಿ ಸರಿಯಾಗಿ ಮುಚ್ಚಿರದ ಮಕ್ಕಳಿಗೆ ಹೊಸ ವ್ಯಾಯಾಮ ಕಲಿಸಿ ನೋಡುವ ಸಂಶೋಧನೆ ಅಲ್ಲಿನ ವೈದ್ಯರದು. ಫಾರಂ ತುಂಬುವ ಹುಡುಗಿ ಕೇಳಿದಳು, "ಮೆಟ್ಟಿಲು ಹತ್ತುತ್ತಾಳಾ ಅಕ್ಕ?"

"ತೋಟದ ಕೆಲಸದವರ ಲೈನ್ ಮನೆ ನಮ್ಮದು, ಮೆಟ್ಟಿಲೇ ಇಲ್ಲ. ಕಾಫಿ ಗಿಡ ಹಿಡ್ಕೊಂಡು ಏರು ಹತ್ತುತ್ತಾಳೆ."

"ಅದನ್ನ ಬರೆಯೋಕೆ ಇದರಲ್ಲಿ ಜಾಗ ಇಲ್ಲ," ಎಂದು ಸೊನ್ನೆ ಹಾಕಿದಳು. ಮನೆಯಲ್ಲಿ ಓದಿ ಸಹಿ ಮಾಡುತ್ತೇನೆಂದು ಫಾರಂ ಕಿತ್ತುಕೊಂಡು ಬಂದೆ.

ಜೀಪಿನಲ್ಲಿ ನಮ್ಮ ಮನೆಯವರು, "ಓದಿದೋರ ಹತ್ರ ಎಂಥ ವಾದ ಮಾರಾಯ್ತಿ," ಎಂದರು.

ವಾದವಲ್ಲ. ಜೂನ್‌ನಲ್ಲಿ ನಾಲ್ಕನೇ ಗಿಡಕ್ಕೇ ಕೂತುಬಿಡುತ್ತಿದ್ದವಳು ಇವಳು. ಇವತ್ತು ಜೀಪಿಳಿದವಳೇ ನನ್ನ ಕೈ ತಳ್ಳಿ, "ಅಮ್ಮ, ನೀ ಹಿಂದೆ ಬಾ," ಎಂದು ಹನ್ನೊಂದು ಗಿಡ ದಾಟಿ ಮನೆ ಬಾಗಿಲು ಮುಟ್ಟಿದಳು. ಕ್ಯಾಂಪಿನವರು ಕಲಿಸಿದ ವ್ಯಾಯಾಮವೇ ಫಲ ಕೊಟ್ಟಿದೆ. ಅವರ ಕಾಗದಕ್ಕೆ ಮಾತ್ರ ಅದು ಕಾಣುವುದಿಲ್ಲ. ಈ ಗುಡ್ಡಗಳಲ್ಲಿ ಇನ್ನೆಷ್ಟು ಮಕ್ಕಳಿಗೆ ಸೊನ್ನೆ ಬಿದ್ದಿದೆಯೋ. ಅಷ್ಟನ್ನೂ ಕೂಡಿಸಿ, ಇದರಿಂದ ಪ್ರಯೋಜನವಿಲ್ಲ ಎಂದು ವ್ಯಾಯಾಮವನ್ನೇ ನಿಲ್ಲಿಸಿದರೆ?

ಬಿಡುವುದಿಲ್ಲ. ಫಾರಂ ತಿರುಗಿಸಿ ಹಿಂಬದಿಯಲ್ಲಿ ಏರಿನ ಚಿತ್ರ ಬರೆದೆ. ಹನ್ನೊಂದು ಗಿಡ, ತುದಿಯಲ್ಲಿ ನಮ್ಮ ಬಾಗಿಲು. ಅದರ ಕೆಳಗೆ ಸಹಿ ಹಾಕಿದ್ದೇನೆ.

ಸೊನ್ನೆಯ ಕೆಳಗಿನ ಸಹಿಯ ಗೆರೆ ಖಾಲಿಯೇ ಇರಲಿ.